ಐಪಿಎಲ್ ಫ್ಯಾಂಟಸಿ: ಯಾರೂ ಎತ್ತಿಕೊಳ್ಳದೆ ಬಿಟ್ಟ ಆಟಗಾರರನ್ನು ಹುಡುಕುವುದು ಹೇಗೆ?

ಬಿ_ಶಿಫ್ಟ್_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ. ತೋರಣಗಲ್ಲು ಕಡೆ ಒಂದು ಪ್ಲಾಂಟ್‌ನಲ್ಲಿ ಕೆಲಸ, ಶಿಫ್ಟ್ ಡ್ಯೂಟಿ. ಎಂಟು ಜನ ಸೇರಿ ಐಪಿಎಲ್‌ಗೆ ನಮ್ಮದೇ ಒಂದು ಫ್ಯಾಂಟಸಿ ಲೀಗ್ ಮಾಡಿಕೊಂಡಿದ್ದೇವೆ. ಅಂದರೆ ನಾವು ಆರಿಸಿಕೊಂಡ ಆಟಗಾರರು ನಿಜವಾದ ಮ್ಯಾಚ್‌ನಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್. ಮೊದಲು ಎಲ್ಲರೂ ಆ್ಯಪ್‌ನಲ್ಲಿ ಐವತ್ತು, ನೂರು ಹಾಕಿ ಆಡುತ್ತಿದ್ದವರೇ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸುವ ಕಾನೂನು ಬಂತಲ್ಲ, ಡ್ರೀಮ್11 ಆ್ಯಪ್ ಕೂಡ ದುಡ್ಡಿನ ಆಟ ನಿಲ್ಲಿಸಿತು. ಆಮೇಲೆ ಶುರುವಾದದ್ದು ಇದು. ಒಂದು ಪೈಸೆ ಇಲ್ಲ. ಕೊನೆಗೆ ಬಂದ ಇಬ್ಬರು ಉಳಿದವರಿಗೆಲ್ಲ ಮಂಡಾಳು ಒಗ್ಗರಣೆ, ಮಿರ್ಚಿ ಕೊಡಿಸಬೇಕು, ಅಷ್ಟೇ.

ನಿಯಮ ಹೀಗಿದೆ. ಶುರುವಿಗೆ ನಾವೇ ಕೂತು ಹರಾಜು ಮಾಡುತ್ತೇವೆ. ಒಬ್ಬೊಬ್ಬರಿಗೆ 14 ಆಟಗಾರರು. ಒಬ್ಬನ ಹತ್ತಿರ ಇರುವ ಆಟಗಾರ ಇನ್ನೊಬ್ಬನಿಗೆ ಸಿಗುವುದಿಲ್ಲ. ಪ್ರತಿ ಭಾನುವಾರ ರಾತ್ರಿ ಒಬ್ಬನನ್ನು ಬಿಟ್ಟು, ಯಾರ ಹತ್ತಿರವೂ ಇಲ್ಲದ ಒಬ್ಬನನ್ನು ಎತ್ತಿಕೊಳ್ಳಬಹುದು. ಪಟ್ಟಿಯಲ್ಲಿ ಕೊನೆಯಲ್ಲಿ ಇರುವವನಿಗೆ ಮೊದಲ ಚಾನ್ಸ್. ರನ್‌ಗೆ 1, ವಿಕೆಟ್‌ಗೆ 25, ಕ್ಯಾಚ್‌ಗೆ 8. ಕ್ಯಾಪ್ಟನ್ ಮಾಡಿದವನಿಗೆ ಡಬಲ್.

ಎಂಟು ಜನರಿಗೆ 112 ಆಟಗಾರರು ಹೋಗುತ್ತಾರೆ. ಐಪಿಎಲ್‌ನಲ್ಲಿ ಹತ್ತು ತಂಡ, ತಂಡಕ್ಕೆ 25ರವರೆಗೆ ಜನ. ಅಂದರೆ ನೂರಕ್ಕೂ ಜಾಸ್ತಿ ಜನ ಹೊರಗೆ ಬಿದ್ದಿರುತ್ತಾರೆ. ಅದರಲ್ಲಿ ಯಾರು ಕೆಲಸಕ್ಕೆ ಬರುತ್ತಾರೆ ಅಂತ ಗುರುತು ಹಿಡಿಯುವುದೇ ನನ್ನ ಸಮಸ್ಯೆ. ಬಿ ಶಿಫ್ಟ್ ಅಂದರೆ ಮಧ್ಯಾಹ್ನ 2ರಿಂದ ರಾತ್ರಿ 10. ಒಳಗೆ ಮೊಬೈಲ್ ಒಯ್ಯುವ ಹಾಗಿಲ್ಲ. ಟಾಸ್ 7 ಗಂಟೆಗೆ, ಆಟ ಏಳೂವರೆಗೆ. ನಾನು ಹೊರಗೆ ಬರುವಾಗ ಎರಡನೇ ಇನಿಂಗ್ಸ್ ಅರ್ಧ ಆಗಿರುತ್ತದೆ. ಬಸ್ಸಿನಲ್ಲಿ ಸ್ಕೋರ್‌ಕಾರ್ಡ್ ನೋಡುವುದಷ್ಟೇ ನನ್ನ ಕ್ರಿಕೆಟ್. ನಿನ್ನೆ 50 ಹೊಡೆದವನನ್ನು ಭಾನುವಾರ ಎತ್ತಿಕೊಂಡರೆ ಸೋಮವಾರದಿಂದ ಅವನು ಮಲಗುತ್ತಾನೆ. ಇದು ನನ್ನೊಬ್ಬನ ಕಥೆಯಲ್ಲ, ಲೀಗ್‌ನಲ್ಲಿ ಅರ್ಧ ಜನರದ್ದು ಇದೇ.

ಒಂದೆರಡು ಹೆಸರು ಹೇಳಿ ಬಿಡಬೇಡಿ. ಮ್ಯಾಚ್ ನೋಡದೆ, ಬರೀ ಸ್ಕೋರ್‌ಕಾರ್ಡ್ ಮತ್ತು ಸುದ್ದಿ ಓದಿ ಹುಡುಕುವ ದಾರಿ ಏನಾದರೂ ಇದೆಯಾ?

ಕೌಲ್‌ಬಜಾರ್_ಕೀಪರ್

ಲಕ್ ಬ್ರದರ್, ಎಲ್ಲಾ ಲಕ್. ನಮ್ಮ ಲೀಗ್‌ನಲ್ಲಿ ಕ್ರಿಕೆಟ್ಟೇ ಗೊತ್ತಿಲ್ಲದ ಒಬ್ಬ ಅಳಿಯ ಇದ್ದಾನೆ. ಹೆಸರು ಚೆನ್ನಾಗಿದೆ ಅಂತ ಆಟಗಾರರನ್ನು ತೆಗೆದುಕೊಂಡು ಮೊದಲನೇ ಸ್ಥಾನ ಹೊಡೆದ. ನೀವು ಸುಮ್ನೆ ಮಿರ್ಚಿಗೆ ದುಡ್ಡು ತೆಗೆದಿಡಿ.

ಗಂಗಾವತಿ_ಲೆಡ್ಜರ್

ಕೀಪರ್ ಅಣ್ಣ, ಒಂದು ಸಲ ಅಳಿಯ ಗೆಲ್ಲಬಹುದು. ನಾಲ್ಕು ವರ್ಷ ಆಡಿಸಿ ನೋಡಿ.

ತಮ್ಮಾ ಬಿ ಶಿಫ್ಟ್, ಮ್ಯಾಚ್ ನೋಡಲು ಆಗದೇ ಇರುವುದು ನಿನಗೆ ಪೂರ್ತಿ ಲುಕ್ಸಾನು ಅಂದುಕೊಳ್ಳಬೇಡ. ಟಿವಿ ಮುಂದೆ ಕೂತವನಿಗೆ ಹೋದ ಸಿಕ್ಸ್‌ಗಳೇ ತಲೆಯಲ್ಲಿ ಉಳಿಯುತ್ತವೆ. ಸ್ಕೋರ್‌ಕಾರ್ಡ್ ಓದುವವನಿಗೆ ತಂಡ ಯಾರನ್ನು ಯಾವಾಗ ಕಳಿಸಿತು ಅನ್ನುವುದು ಕಾಣುತ್ತದೆ. ನಾನು ಗಂಗಾವತಿಯಲ್ಲಿ ರೈಸ್ ಮಿಲ್ ಲೆಕ್ಕ ಬರೆಯುವವನು. ಇಲ್ಲಿನ ಕ್ಲಬ್ ಮ್ಯಾಚ್‌ಗಳಿಗೆ ಸ್ಕೋರರ್ ಆಗಿಯೂ ಕೂರುತ್ತೇನೆ. ನಮ್ಮ ಲೀಗ್‌ನ ಲೆಕ್ಕವೂ ನನ್ನ ಹತ್ತಿರವೇ. ಅದಕ್ಕೇ ಈ ಹೆಸರು.

ನಾನು ನೋಡುವುದು ಒಂದೇ ವಿಷಯ. ಆಟಗಾರನ ಕೆಲಸ ಬದಲಾಗಿದೆಯಾ? ರನ್, ವಿಕೆಟ್ ಆಮೇಲೆ ಬರುತ್ತವೆ. ಕೆಲಸ ಮೊದಲು ಬದಲಾಗುತ್ತದೆ. ಎರಡರ ನಡುವೆ ನಾಲ್ಕೈದು ದಿನ, ಕೆಲವು ಸಲ ಒಂದು ವಾರ ಸಿಗುತ್ತದೆ. ಆ ವಾರದಲ್ಲಿ ಎತ್ತಿಕೊಂಡರೆ ಆಟಗಾರ ಸಿಗುತ್ತಾನೆ. ಆಮೇಲೆ ಎತ್ತಿಕೊಂಡರೆ ಬರೀ ಹೆಸರು ಸಿಗುತ್ತದೆ.

ಒಂದು ಉದಾಹರಣೆ ಪೂರ್ತಿ ಬಿಡಿಸಿ ಹೇಳುತ್ತೇನೆ. 2024ರ ಮಾರ್ಚ್ 25, ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ-ಪಂಜಾಬ್. ಆ ದಿನ ಎಲ್ಲರ ಕಣ್ಣು ಕೊಹ್ಲಿಯ 77ರ ಮೇಲೆ, ಕೊನೆಗೆ ದಿನೇಶ್ ಕಾರ್ತಿಕ್ ಮುಗಿಸಿದ್ದರ ಮೇಲೆ. ಪಂಜಾಬ್ ಕಡೆ ಏಳನೇ ನಂಬರ್‌ನಲ್ಲಿ ಒಂದು ಸಾಲು ಇತ್ತು. ಶಶಾಂಕ್ ಸಿಂಗ್, ಔಟಾಗದೆ 21, ಎಸೆತ 8. ಹರಾಜಿನಲ್ಲಿ ಇವನನ್ನು ತಪ್ಪಿ ಕೊಂಡರು ಅಂತ ಎಲ್ಲರೂ ನಕ್ಕಿದ್ದರಲ್ಲ, 20 ಲಕ್ಷದ ಆಟಗಾರ, ಅವನೇ. ನಿಮ್ಮ ಲೆಕ್ಕದಲ್ಲಿ ಬರೀ 21 ಪಾಯಿಂಟ್. ಯಾರೂ ತಿರುಗಿ ನೋಡುವುದಿಲ್ಲ. ಭತ್ತದ ಲಾರಿ ಬಂದಾಗ ನಾವೇನು ಎಲ್ಲ ಚೀಲ ಬಿಚ್ಚುತ್ತೇವಾ? ಚುಚ್ಚಿ ಒಂದು ಹಿಡಿ ತೆಗೆದು ನೋಡುತ್ತೇವೆ. ಆ 8 ಎಸೆತ ಆ ಒಂದು ಹಿಡಿ. ಅದರ ಮೇಲೆ ಲಾರಿಯ ರೇಟ್ ಕಟ್ಟುವ ಹಾಗಿಲ್ಲ, ಆದರೆ ಲಾರಿಯನ್ನು ವಾಪಸ್ ಕಳಿಸುವ ಹಾಗೂ ಇಲ್ಲ.

ಈಗ ಏಪ್ರಿಲ್ 4ಕ್ಕೆ ಬಾ. ಅಹಮದಾಬಾದ್, ಗುಜರಾತ್ 199 ಹೊಡೆದಿದೆ. ಪಂಜಾಬ್ 70ಕ್ಕೆ 4. ಆಗ ಒಳಗೆ ಬಂದವನು ಶಶಾಂಕ್. ಆರನೇ ನಂಬರ್. ಜಿತೇಶ್ ಶರ್ಮಾ ಇನ್ನೂ ಡಗ್‌ಔಟ್‌ನಲ್ಲೇ ಕೂತಿದ್ದ. ಬೆಂಗಳೂರಿನಲ್ಲಿ ಜಿತೇಶ್ ಆರು, ಶಶಾಂಕ್ ಏಳು. ಇಲ್ಲಿ ಅದಲು ಬದಲು. ಶಶಾಂಕ್ 29 ಎಸೆತದಲ್ಲಿ ಔಟಾಗದೆ 61, ಪಂಜಾಬ್ ಗೆಲುವು. ಮರುದಿನ ಎಲ್ಲ ಲೀಗ್‌ನಲ್ಲೂ ಅವನಿಗೆ ಕ್ಯೂ. ಸೀಸನ್ ಮುಗಿಯುವಾಗ ಅವನ ಲೆಕ್ಕದಲ್ಲಿ 354 ರನ್. ಎರಡು ಮ್ಯಾಚ್‌ಗಳ ನಡುವೆ ಮಾರ್ಚ್ 31 ಭಾನುವಾರ ಬಂದಿತ್ತು ನೋಡು. ನಿಮ್ಮ ನಿಯಮದ ಪ್ರಕಾರ ಆ ರಾತ್ರಿ ಅವನು ಪುಕ್ಕಟೆ.

ಅದೇ ಮ್ಯಾಚ್‌ನಲ್ಲಿ ಇಂಪ್ಯಾಕ್ಟ್ ಪ್ಲೇಯರ್ ಆಗಿ, ಅಂದರೆ ಮ್ಯಾಚ್ ನಡುವೆ ಒಬ್ಬನ ಬದಲು ಇಳಿಯುವ ಆಟಗಾರನಾಗಿ, ಎಂಟನೆಯವನಾಗಿ ಬಂದು 17 ಎಸೆತದಲ್ಲಿ 31 ಹೊಡೆದವನು ಅಶುತೋಷ್ ಶರ್ಮಾ. ಅದೂ ಅಂಥದ್ದೇ ಒಂದು ಸಾಲು. ಮುಂದಿನ ವರ್ಷ ಡೆಲ್ಲಿಗೆ ಹೋಗಿ ಲಕ್ನೋ ವಿರುದ್ಧ 66 ಹೊಡೆದು ಸೋತ ಮ್ಯಾಚ್ ಗೆಲ್ಲಿಸಿದ.

ಹಾಗಾಗಿ ಬಸ್ಸಿನಲ್ಲಿ ಸ್ಕೋರ್‌ಕಾರ್ಡ್ ತೆಗೆದಾಗ ರನ್ ಕಾಲಂ ಮೇಲೆ ಬೆರಳಿಡು, ಮುಚ್ಚಿಬಿಡು. ಮೊದಲು ಯಾರು ಎಷ್ಟನೇ ನಂಬರ್‌ಗೆ ಬಂದ ಅಂತ ನೋಡು. ಆಮೇಲೆ ಕೆಳಗೆ ವಿಕೆಟ್ ಬಿದ್ದ ಸಾಲು ಇರುತ್ತದೆ, ಯಾವ ಓವರ್‌ನಲ್ಲಿ ಯಾರು ಹೋದರು ಅಂತ. ಅದನ್ನು ಓದಿದರೆ ಹೊಸಬ ಯಾವ ಓವರ್‌ಗೆ ಒಳಗೆ ಬಂದ ಅಂತ ಗೊತ್ತಾಗುತ್ತದೆ. 9ನೇ ಓವರ್‌ಗೆ ಬಂದು 12 ರನ್‌ಗೆ ಔಟಾದವನು, 19ನೇ ಓವರ್‌ಗೆ ಬಂದು 20 ರನ್ ಹೊಡೆದವನಿಗಿಂತ ನನಗೆ ಇಷ್ಟ. ಮೊದಲನೆಯವನಿಗೆ ನಾಳೆಯೂ 60 ಎಸೆತ ಉಳಿದಿರುವಾಗ ಬ್ಯಾಟ್ ಸಿಗುತ್ತದೆ. ಎರಡನೆಯವನಿಗೆ ನಾಳೆ ಎರಡೇ ಎಸೆತ ಸಿಗಬಹುದು, ಸಿಗದೆಯೂ ಇರಬಹುದು.

ಕೆಲಸ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಕೆಕೆಆರ್‌ನ ಸ್ಪಿನ್ನರ್ ಸುನಿಲ್ ನರೈನ್‌ಗಿಂತ ದೊಡ್ಡ ಸಾಕ್ಷಿ ಬೇಡ. 2023ರ ಇಡೀ ಸೀಸನ್‌ನಲ್ಲಿ ಅವನ ರನ್ 21. 2024ರಲ್ಲಿ ಕೆಕೆಆರ್ ಅವನನ್ನು ಮತ್ತೆ ಓಪನಿಂಗ್ ಕಳಿಸಿತು. 488 ರನ್, 17 ವಿಕೆಟ್. ಮನುಷ್ಯ ಅವನೇ, ಬ್ಯಾಟೂ ಅದೇ. ಫ್ಯಾಂಟಸಿ ಹರಾಜಿನಲ್ಲಿ ಬೌಲರ್ ಅಂತ ಕಡಿಮೆಗೆ ಹೋಗಿದ್ದವನು ಮೊದಲ ಎಸೆತದಿಂದ ಬ್ಯಾಟ್ ಮಾಡತೊಡಗಿದ. ಓಪನಿಂಗ್‌ಗೆ ಬಂದ ಮೊದಲ ದಿನವೇ ಇದು ಸ್ಕೋರ್‌ಕಾರ್ಡ್‌ನ ಮೊದಲ ಸಾಲಿನಲ್ಲಿ ಕಾಣುತ್ತದೆ. ಅದಕ್ಕೆ ಕ್ರಿಕೆಟ್ ಪಂಡಿತ ಆಗಬೇಕಿಲ್ಲ.

ಬೌಲಿಂಗ್‌ನಲ್ಲಿ ಇನ್ನೂ ಸುಲಭ. ವಿಕೆಟ್‌ಗೆ 25 ಇಟ್ಟಿದ್ದೀರಿ, ಬಹಳ ಜಾಸ್ತಿ. ಅಂದರೆ ನಿಮ್ಮ ಲೀಗ್‌ನಲ್ಲಿ ಬಿಟ್ಟು ಹೋದ ಬೌಲರ್ ಬಿಟ್ಟು ಹೋದ ಬ್ಯಾಟ್ಸ್‌ಮನ್‌ಗಿಂತ ಬೆಲೆ ಬಾಳುತ್ತಾನೆ. ನೋಡಬೇಕಾದ್ದು ಎಷ್ಟು ವಿಕೆಟ್ ತೆಗೆದ ಅಂತಲ್ಲ, ಯಾವ ಓವರ್ ಹಾಕಿದ ಅಂತ. 17ರಿಂದ 20ರ ಒಳಗೆ ಎರಡು ಓವರ್ ಸಿಗುತ್ತಿದ್ದರೆ ಅವನ ಹೆಸರು ಬರೆದಿಟ್ಟುಕೋ, ಅವತ್ತು ಸೊನ್ನೆ ವಿಕೆಟ್ ಆದರೂ ಸರಿ. ಆ ಓವರ್‌ಗಳಲ್ಲಿ ಎಲ್ಲರೂ ಕಣ್ಣು ಮುಚ್ಚಿ ಬೀಸುತ್ತಾರೆ, ಕ್ಯಾಚ್ ಏಳುತ್ತವೆ. 2021ರಲ್ಲಿ ಹರ್ಷಲ್ ಪಟೇಲ್ 32 ವಿಕೆಟ್ ತೆಗೆದದ್ದು ಹೀಗೇ.

ನನಗೆ ಬಹಳ ಇಷ್ಟದ್ದು ಮೋಹಿತ್ ಶರ್ಮಾ ಕಥೆ. 2022ರಲ್ಲಿ ಗುಜರಾತ್ ತಂಡಕ್ಕೆ ನೆಟ್ ಬೌಲರ್. ಅಂದರೆ ಅಭ್ಯಾಸಕ್ಕೆ ಬಾಲ್ ಹಾಕುವ ಕೆಲಸ. 2014ರಲ್ಲಿ ಪರ್ಪಲ್ ಕ್ಯಾಪ್, ಅಂದರೆ ಸೀಸನ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ವಿಕೆಟ್ ತೆಗೆದವನಿಗೆ ಕೊಡುವ ಟೋಪಿ, ಹಾಕಿಕೊಂಡವನು ಅವನು! 2023ಕ್ಕೆ 50 ಲಕ್ಷಕ್ಕೆ ಕೊಂಡರು. ಏಪ್ರಿಲ್ 13ಕ್ಕೆ ಪಂಜಾಬ್ ವಿರುದ್ಧ ಆಡಿಸಿದರು, 2020ರ ನಂತರ ಅವನ ಮೊದಲ ಐಪಿಎಲ್ ಮ್ಯಾಚ್. 18 ರನ್ ಕೊಟ್ಟು 2 ವಿಕೆಟ್. ಕೊನೆ ಓವರ್‌ಗಳ ಕೆಲಸ ಅವನ ಕೈಗೆ ಬಂತು. ಸೀಸನ್ ಮುಗಿಯುವಾಗ 27 ವಿಕೆಟ್. ಅದೇ ವರ್ಷ ಮುಂಬೈ ಪರ ಪೀಯೂಷ್ ಚಾವ್ಲಾ 22 ವಿಕೆಟ್ ತೆಗೆದ. 2022ರ ಸೀಸನ್‌ನ ಹರಾಜಿನಲ್ಲಿ ಅವನನ್ನು ಯಾರೂ ಕೊಂಡಿರಲಿಲ್ಲ. ವಯಸ್ಸಾಯ್ತು ಅಂತ ಜನ ಹೆಸರು ಹೊಡೆದು ಹಾಕುತ್ತಾರೆ. ಫ್ಯಾಂಟಸಿಯಲ್ಲಿ ವಯಸ್ಸಿಗೆ ಪಾಯಿಂಟ್ ಕಟ್ ಇಲ್ಲ.

ಇನ್ನೊಂದು, ಗಾಯದ ಸುದ್ದಿ. ದೊಡ್ಡ ಆಟಗಾರ ಗಾಯ ಆದಾಗ ಲೀಗ್‌ನ ಗ್ರೂಪ್‌ನಲ್ಲಿ ಎಲ್ಲರೂ ಅವನ ಬಗ್ಗೆ ಅಳುತ್ತಾರೆ. ನೀನು ಆಗ ಆ ಜಾಗಕ್ಕೆ ಯಾರು ಬರಬಹುದು ಅಂತ ನೋಡು. 2025ರಲ್ಲಿ ಸಂಜು ಸ್ಯಾಮ್ಸನ್ ಗಾಯ ಆದ, ರಾಜಸ್ಥಾನ ಏಪ್ರಿಲ್ 19ಕ್ಕೆ ವೈಭವ್ ಸೂರ್ಯವಂಶಿಯನ್ನು ಓಪನಿಂಗ್ ಕಳಿಸಿತು. 14 ವರ್ಷದ ಹುಡುಗ, ಮೊದಲ ಎಸೆತಕ್ಕೇ ಸಿಕ್ಸ್. ಏಪ್ರಿಲ್ 28ಕ್ಕೆ ಗುಜರಾತ್ ವಿರುದ್ಧ 35 ಎಸೆತದಲ್ಲಿ ಶತಕ. ಅದೇ ದಿನಗಳಲ್ಲಿ ಚೆನ್ನೈನಲ್ಲಿ ಋತುರಾಜ್ ಗಾಯಕ್ವಾಡ್ ಜಾಗಕ್ಕೆ ಆಯುಷ್ ಮ್ಹಾತ್ರೆ ಬಂದ. ಮೇ 3ಕ್ಕೆ ನಮ್ಮ ಆರ್‌ಸಿಬಿಗೇ 94 ಹೊಡೆದ, ಹೊಟ್ಟೆ ಉರಿಸಿದ. 2022ರ ರಜತ್ ಪಾಟಿದಾರ್ ಕಥೆ ಎಲ್ಲರಿಗೂ ಗೊತ್ತು. ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ನಮ್ಮ ಲವನೀತ್ ಸಿಸೋಡಿಯಾ ಗಾಯ ಆದ ಮೇಲೆ ಆರ್‌ಸಿಬಿಗೆ ಬಂದ, ಎಲಿಮಿನೇಟರ್‌ನಲ್ಲಿ ಔಟಾಗದೆ 112.

ಆದರೆ ಒಂದು ಎಚ್ಚರಿಕೆ. ಬದಲಿಗೆ ಬಂದವರೆಲ್ಲ ಆಡುವುದಿಲ್ಲ. 2025ರಲ್ಲಿ ಆಡಂ ಝಂಪಾ ಬದಲಿಗೆ ನಮ್ಮ ಕರ್ನಾಟಕದ ಸ್ಮರಣ್‌ನನ್ನು ಹೈದರಾಬಾದ್ ಕರೆಸಿಕೊಂಡಿತು. ಲೆಗ್ ಸ್ಪಿನ್ನರ್ ಹೋದ ಕಡೆ ಬ್ಯಾಟ್ಸ್‌ಮನ್ ಬಂದ. ಅಂದರೆ ಹನ್ನೊಂದರಲ್ಲಿ ಖಾಲಿ ಆದ ಜಾಗ ಅವನದ್ದಲ್ಲ. ಆಡುವ ಮೊದಲೇ ಪಾಪ ಅವನಿಗೂ ಗಾಯ ಆಯ್ತು, ಅದು ಬೇರೆ ಮಾತು. ಹೋದವನು ಏನು ಕೆಲಸ ಮಾಡುತ್ತಿದ್ದ, ಬಂದವನು ಅದೇ ಕೆಲಸ ಮಾಡುತ್ತಾನಾ, ಇಷ್ಟು ಕೇಳಿಕೋ.

ನೀನು ಹೇಳಿದ ರೋಗಕ್ಕೂ ಲೆಕ್ಕ ಇದೆ, ನಿನ್ನೆ 50 ಹೊಡೆದವನನ್ನು ಎತ್ತಿಕೊಳ್ಳುವುದು. 2025ರ ಏಪ್ರಿಲ್ 13, ಕರುಣ್ ನಾಯರ್ ಡೆಲ್ಲಿಗೆ ಇಂಪ್ಯಾಕ್ಟ್ ಆಗಿ ಬಂದು ಮುಂಬೈ ವಿರುದ್ಧ 40 ಎಸೆತದಲ್ಲಿ 89. 2022ರ ನಂತರ ಅವನ ಮೊದಲ ಐಪಿಎಲ್ ಮ್ಯಾಚ್. ನಮ್ಮ ಕಡೆ ಆ ರಾತ್ರಿ ಹಬ್ಬ. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ನಮ್ಮ ಲೀಗ್‌ನಲ್ಲಿ ಮೂವರು ಅವನಿಗೆ ಅರ್ಜಿ ಹಾಕಿದರು. ಸೀಸನ್‌ನಲ್ಲಿ ಅವನ ಒಟ್ಟು 8 ಮ್ಯಾಚ್, 198 ರನ್. 89 ಕಳೆದರೆ ಉಳಿದ ಏಳಕ್ಕೆ 109. ಅವನನ್ನು ಎತ್ತಿಕೊಳ್ಳುವ ಸಮಯ ಜನವರಿ. ದೇಶೀಯ ಏಕದಿನ ಟೂರ್ನಿ ವಿಜಯ್ ಹಜಾರೆಯಲ್ಲಿ ವಿದರ್ಭ ಪರ ಐದು ಶತಕ, 779 ರನ್ ಹೊಡೆದಾಗ. ಹರಾಜಿನಲ್ಲಿ ಒಂದು ಪಾಯಿಂಟ್‌ಗೆ ತೆಗೆದುಕೊಂಡಿದ್ದರೆ ಆ 89 ನಿನ್ನ ಖಾತೆಗೆ.

ಬಿ_ಶಿಫ್ಟ್_ಬಳ್ಳಾರಿ

ಲೆಡ್ಜರ್ ಅಣ್ಣ, ಇದನ್ನು ಪ್ರಿಂಟ್ ತೆಗೆದು ಲಾಕರ್‌ಗೆ ಅಂಟಿಸುತ್ತೇನೆ. ವಿಕೆಟ್ ಬಿದ್ದ ಸಾಲು ಇಷ್ಟು ದಿನ ನೋಡದೆ ಕೆಳಗೆ ಸರಿಸಿಬಿಡುತ್ತಿದ್ದೆ.

ಎರಡು ಅನುಮಾನ ಉಳಿದಿವೆ. ಒಂದು, ನಮ್ಮ ಲೀಗ್‌ನಲ್ಲಿ ರಾಯಚೂರಿನವನೊಬ್ಬ ಇದ್ದಾನೆ. ಮನೋಜ್ ಭಾಂಡಗೆ ನಮ್ಮೂರ ಹುಡುಗ ಅಂತ ಅವನನ್ನು ಬಿಡುವುದೇ ಇಲ್ಲ. ಅಂಥವರನ್ನು ಇಟ್ಟುಕೊಳ್ಳಬಹುದಾ? ಎರಡು, ಭಾನುವಾರ ಯಾರನ್ನು ಬಿಡಬೇಕು ಅಂತಲೇ ತಲೆ ಕೆಡುತ್ತದೆ. ಎತ್ತಿಕೊಳ್ಳುವುದಕ್ಕಿಂತ ಬಿಡುವುದು ಕಷ್ಟ.

ರಾಯಚೂರು_ಆಫ್‌ಸೈಡ್

ಅವನು ನಾನಲ್ಲ, ಆದರೆ ನಾನೂ ರಾಯಚೂರಿನವನೇ. ಅದಕ್ಕೇ ನಿಷ್ಠುರವಾಗಿ ಹೇಳುತ್ತೇನೆ. ಮನೋಜ್ ಹೊಡೆತದ ಬಗ್ಗೆ ಯಾರಿಗೂ ಅನುಮಾನ ಬೇಡ. 2024ರ ಮಹಾರಾಜ ಟ್ರೋಫಿ (ನಮ್ಮ ಕರ್ನಾಟಕದ ಟಿ20 ಲೀಗ್) ಫೈನಲ್‌ನಲ್ಲಿ ಮೈಸೂರು ಪರ 13 ಎಸೆತದಲ್ಲಿ ಔಟಾಗದೆ 44 ಹೊಡೆದ. ಆದರೆ 2025ರಲ್ಲಿ ಆರ್‌ಸಿಬಿಯ ಕೆಳಗಿನ ನಂಬರ್‌ಗಳಲ್ಲಿ ಟಿಮ್ ಡೇವಿಡ್, ಕೃಣಾಲ್, ರೊಮಾರಿಯೊ ಶೆಫರ್ಡ್ ಇದ್ದರು. ಜಾಗ ಎಲ್ಲಿತ್ತು? ಮಳೆ ಬಂದು 14 ಓವರ್‌ಗೆ ಇಳಿದ ಪಂಜಾಬ್ ಮ್ಯಾಚ್‌ನಲ್ಲಿ, ತಂಡ ಕುಸಿದು ಬಿದ್ದಾಗ ಇಂಪ್ಯಾಕ್ಟ್ ಆಗಿ ಕಳಿಸಿದರು. 1 ರನ್‌ಗೆ ಹೋದ. ಪ್ರೀತಿ ಇರಲಿ, ಸ್ಟೇಟಸ್ ಹಾಕಿ. 14 ಜನರ ತಂಡದಲ್ಲಿ ಒಂದು ಜಾಗವನ್ನು ಇಡೀ ಸೀಸನ್ ಊರಿನ ಹೆಸರಿಗೆ ಬರೆದುಕೊಟ್ಟರೆ ನಿಮ್ಮ ಗೆಳೆಯ 13 ಜನರ ಜೊತೆ ಆಡುತ್ತಿದ್ದಾನೆ ಅಂತ ಅರ್ಥ. ಅವನಿಗೆ ಹೇಳಬೇಡಿ. ಸುಮ್ನಿರಿ, ನಿಮಗೇ ಲಾಭ.

ನಾನು ಆಡುವುದು ಇಂಗ್ಲೆಂಡ್ ಫುಟ್‌ಬಾಲ್‌ದು, ಪ್ರೀಮಿಯರ್ ಲೀಗ್ ಫ್ಯಾಂಟಸಿ. ಪುಕ್ಕಟೆ. ಒಂದು ಕೋಟಿಗೂ ಮೇಲೆ ಜನ ಆಡುತ್ತಾರೆ. ಅಲ್ಲಿ ಒಬ್ಬನೇ ಆಟಗಾರ ಎಲ್ಲರ ತಂಡದಲ್ಲೂ ಇರಬಹುದು. ಆದ್ದರಿಂದ ಯಾರ ಹತ್ತಿರವೂ ಇಲ್ಲದವನು ಅಂತ ಸಿಗುವುದಿಲ್ಲ. ನೂರರಲ್ಲಿ ಎಷ್ಟು ಜನರ ಹತ್ತಿರ ಇದ್ದಾನೆ ಅಂತ ಆ್ಯಪ್‌ನಲ್ಲೇ ತೋರಿಸುತ್ತದೆ. ಐದಕ್ಕಿಂತ ಕಡಿಮೆ ಇದ್ದವರಲ್ಲಿ ಹುಡುಕುವುದು ನಮ್ಮ ಹುಚ್ಚು.

ಲೆಡ್ಜರ್ ಅವರು ಹೇಳಿದ್ದು ಅಲ್ಲಿಗೂ ಹೊಂದುತ್ತದೆ. ಕೋಲ್ ಪಾಮರ್ 2023ರ ಸೆಪ್ಟೆಂಬರ್ 1ಕ್ಕೆ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಚೆಲ್ಸಿಗೆ ಬಂದ. ಫ್ಯಾಂಟಸಿಯಲ್ಲಿ ಬೆಲೆ 5, ಅಂದರೆ ಬೆಂಚಿನಲ್ಲಿ ಕೂರಿಸಲು ಕೊಳ್ಳುವ ರೇಟ್. ಸಿಟಿಯಲ್ಲಿ ಅವನಿಗೆ ಆಡಲು ನಿಮಿಷ ಸಿಗುತ್ತಿರಲಿಲ್ಲ. ಚೆಲ್ಸಿಯಲ್ಲಿ ನಿಮಿಷವೂ ಸಿಕ್ಕಿತು, ಪೆನಾಲ್ಟಿ ಹೊಡೆಯುವ ಕೆಲಸವೂ ಸಿಕ್ಕಿತು. 22 ಗೋಲ್, ಅದರಲ್ಲಿ 9 ಪೆನಾಲ್ಟಿ. 244 ಪಾಯಿಂಟ್, ಆ ಸೀಸನ್‌ಗೆ ಅವನೇ ಟಾಪ್. ಮರು ವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಕ್ರಿಸ್ ವುಡ್. ಬೆಲೆ 6. ನೋಡಲು ಚಂದದ ಆಟ ಅಲ್ಲ, ಅದಕ್ಕೇ ಹುಡುಗರು ಮುಟ್ಟಲಿಲ್ಲ. 20 ಗೋಲ್ ಹೊಡೆದ.

ನಿಯಮ ಬದಲಾದಾಗಲೂ ಕಣ್ಣು ತೆರೆದಿರಬೇಕು. 2025-26ರಿಂದ ಅಲ್ಲಿ ಡಿಫೆಂಡರ್ ಒಂದು ಮ್ಯಾಚ್‌ನಲ್ಲಿ ಟ್ಯಾಕಲ್, ಬ್ಲಾಕ್, ಇಂಟರ್‌ಸೆಪ್ಷನ್, ಕ್ಲಿಯರೆನ್ಸ್ ಎಲ್ಲ ಸೇರಿ ಹತ್ತು ಮಾಡಿದರೆ 2 ಪಾಯಿಂಟ್ ಜಾಸ್ತಿ. ಸದಾ ಒತ್ತಡದಲ್ಲಿ ಆಡುವ ಸಣ್ಣ ತಂಡದ ಡಿಫೆಂಡರ್‌ಗೆ ಇದು ಹಬ್ಬ. ಹಳೆ ತಲೆಗಳು ಇನ್ನೂ ದೊಡ್ಡ ತಂಡದವರನ್ನೇ ಕೊಳ್ಳುತ್ತಿದ್ದವು. ನಿಮ್ಮ ಲೀಗ್‌ನಲ್ಲೂ ಮುಂದಿನ ವರ್ಷ ಯಾರಾದರೂ ನಿಯಮ ತಿದ್ದಿದರೆ, ಹರಾಜಿಗೆ ಮೊದಲು ಹಳೆ ಸ್ಕೋರ್‌ಗಳನ್ನು ಹೊಸ ನಿಯಮದಲ್ಲಿ ಲೆಕ್ಕ ಹಾಕಿ ನೋಡಿ. ಕ್ಯಾಚ್‌ಗೆ 8 ಇದೆ ಅಂದಿರಿ. ಬೌಂಡರಿಯಲ್ಲಿ ನಿಲ್ಲುವ ಒಳ್ಳೆ ಫೀಲ್ಡರ್‌ಗಳ ಪಟ್ಟಿ ನಿಮ್ಮಲ್ಲಿ ಯಾರ ಹತ್ತಿರ ಇದೆ?

ಶಿಫ್ಟ್‌ನವರಿಗೆ ಫುಟ್‌ಬಾಲ್ ಒಳ್ಳೆಯದು, ಇದನ್ನೂ ಹೇಳಿಬಿಡುತ್ತೇನೆ. ಮೊದಲ ಮ್ಯಾಚ್‌ಗೆ 90 ನಿಮಿಷ ಮೊದಲು ತಂಡ ಲಾಕ್ ಆಗುತ್ತದೆ, ಆಮೇಲೆ ಏನೂ ಮಾಡುವ ಹಾಗಿಲ್ಲ. ಶನಿವಾರದ ಮೊದಲ ಆಟ ಅಲ್ಲಿ ಹನ್ನೆರಡೂವರೆಗೆ ಇದ್ದರೆ ನಮ್ಮಲ್ಲಿ ಮೂರೂವರೆಗೆ ಬಾಗಿಲು ಬಂದ್. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ನಾಲ್ಕೂವರೆಗೆ. ಬಿ ಶಿಫ್ಟ್ ಇದ್ದರೆ ಶನಿವಾರ ಊಟಕ್ಕೆ ಮೊದಲೇ ಮುಗಿಸಿಬಿಡಿ.

ಕೊಪ್ಪಳದಕ್ಕ

ಇಷ್ಟು ಹೊತ್ತು ಓದಿದೆ, ಒಬ್ಬರೂ ಹೆಂಗಸರ ಐಪಿಎಲ್, ಅದೇ ಡಬ್ಲ್ಯುಪಿಎಲ್ ಹೆಸರು ಎತ್ತಲಿಲ್ಲ! ಬಿಟ್ಟು ಹೋದ ಆಟಗಾರ್ತಿಯರು ಬೇಕಾದರೆ ಅಲ್ಲಿ ಬನ್ನಿ. ಗಂಡಸರು ಆಡುವ ಲೀಗ್‌ನಲ್ಲಿ ಸ್ಮೃತಿ, ಹರ್ಮನ್, ಪೆರ್ರಿ ಮೂರು ಹೆಸರು ಮುಗಿದ ಮೇಲೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು. ನಮ್ಮ ಸ್ಟಾಫ್ ರೂಮ್ ಲೀಗ್‌ನಲ್ಲಿ ಫಿಸಿಕ್ಸ್ ಸರ್‌ಗೆ 2024ರಲ್ಲಿ ಆಶಾ ಶೋಭನಾ ಯಾರು ಅಂತಲೇ ಗೊತ್ತಿರಲಿಲ್ಲ. 10 ಲಕ್ಷದ ಲೆಗ್ ಸ್ಪಿನ್ನರ್, 30 ದಾಟಿದ ವಯಸ್ಸು. ಫೆಬ್ರವರಿ 24ಕ್ಕೆ ಚಿನ್ನಸ್ವಾಮಿಯಲ್ಲಿ ಯುಪಿ ವಿರುದ್ಧ 22ಕ್ಕೆ 5. ಮೂರು ವಿಕೆಟ್ 17ನೇ ಓವರ್ ಒಂದರಲ್ಲೇ. ಆರ್‌ಸಿಬಿ ಗೆದ್ದದ್ದು ಬರೀ 2 ರನ್‌ನಿಂದ. ಸಿಕ್ಕಾಪಟ್ಟೆ ಟೆನ್ಷನ್ ಇದ್ದ ಆ ಓವರ್ ಅವಳ ಕೈಗೆ ಕೊಟ್ಟರು ನೋಡಿ, ಅದೇ ಲೆಡ್ಜರ್ ಅಣ್ಣ ಹೇಳುವ ಕೆಲಸ. ಆ ಸೀಸನ್ ಅವಳದು 12 ವಿಕೆಟ್, ಶ್ರೇಯಾಂಕಾ ಪಾಟೀಲ್ 13 ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡಳು. ಅವಳದೂ 10 ಲಕ್ಷವೇ.

ಮ್ಯಾಚ್ ನಡೆಯುತ್ತಿರುವಾಗಲೇ ಜಾಗ ಖಾಲಿ ಆಗುವುದನ್ನು ನಾನು ನೋಡಿದ್ದು ಅದೇ ವಾರ. ಫೆಬ್ರವರಿ 28, ಯುಪಿ-ಮುಂಬೈ. ನಮ್ಮ ಕರ್ನಾಟಕದ ವೃಂದಾ ದಿನೇಶ್ ಫೀಲ್ಡಿಂಗ್ ಮಾಡುವಾಗ ಬಿದ್ದು ಭುಜಕ್ಕೆ ಪೆಟ್ಟು ಮಾಡಿಕೊಂಡಳು. ಓಪನಿಂಗ್‌ಗೆ ಕಿರಣ್ ನವಗಿರೆಯನ್ನು ಕಳಿಸಿದರು. 31 ಎಸೆತದಲ್ಲಿ 57. ವೃಂದಾ ಹೊರಗೆ ಹೋದ ಹೊತ್ತಿಗೇ ಕಿರಣ್ ಹೆಸರು ಬರೆದಿಟ್ಟುಕೊಂಡವರಿಗೆ ಮುಂದಿನ ವಾರದ ಆಯ್ಕೆ ಅಲ್ಲೇ ಮುಗಿಯಿತು. ಈ ಕಿರಣ್ ಹಿಂದೆ ನಾಗಾಲ್ಯಾಂಡ್ ಪರ ದೇಶೀಯ ಟಿ20ಯಲ್ಲಿ 162 ಹೊಡೆದವಳು. ಗೊತ್ತಿದ್ದವರಿಗೆ ಇದೇನೂ ಆಶ್ಚರ್ಯ ಆಗಲಿಲ್ಲ.

ಬರೀ ಐದು ತಂಡ, ತಂಡಕ್ಕೆ 18ರವರೆಗೆ. ಹಾಗಾಗಿ ಎಂಟು ಜನ ಸೇರಿ ತಲಾ 14 ತೆಗೆದುಕೊಂಡರೆ ಆಟಗಾರ್ತಿಯರೇ ಸಾಕಾಗುವುದಿಲ್ಲ. ನಾವು ಒಬ್ಬೊಬ್ಬರಿಗೆ ಏಳು ಇಟ್ಟಿದ್ದೇವೆ. ಬಿ ಶಿಫ್ಟ್ ತಮ್ಮಾ, ನಿಮ್ಮ ಲೀಗ್‌ಗೂ ಐಪಿಎಲ್‌ಗೆ ಮೊದಲು ಇದನ್ನೊಂದು ಆಡಿಸಿ. ನಿಮ್ಮಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲವಾದ್ದರಿಂದ ಒಂದು ವಾರ ಓದಿದವನೇ ರಾಜ.

ಕೌಲ್‌ಬಜಾರ್_ಕೀಪರ್

ಅಕ್ಕಾ, ನಮ್ಮ ಅಳಿಯನನ್ನು ಅದಕ್ಕೂ ಕರೆತರುತ್ತೇನೆ.

ಗಂಗಾವತಿ_ಲೆಡ್ಜರ್

ಕರೆತನ್ನಿ, ಅಳಿಯನಿಗೆ ಮಿರ್ಚಿ ನಮ್ಮ ಕಡೆಯಿಂದ.

ಬಿ ಶಿಫ್ಟ್, ಬಿಡುವ ವಿಷಯ. ಕಡಿಮೆ ಪಾಯಿಂಟ್ ಬಂದವನನ್ನು ಬಿಡಬೇಡ. ಕೆಲಸ ಕಳೆದುಕೊಂಡವನನ್ನು ಬಿಡು. ಓಪನರ್ ಮೂರು ಸಲ 5, 0, 8 ಮಾಡಿದ್ದಾನೆ, ಆದರೂ ಅವನನ್ನೇ ಕಳಿಸುತ್ತಿದ್ದಾರೆ ಅಂದರೆ ಇಟ್ಟುಕೋ. ಇನ್ನೊಬ್ಬ 30, 25, 28 ಮಾಡಿದ್ದಾನೆ, ಆದರೆ ನಾಲ್ಕರಿಂದ ಆರಕ್ಕೆ, ಆರರಿಂದ ಏಳಕ್ಕೆ ಇಳಿಯುತ್ತಿದ್ದಾನೆ ಅಂದರೆ ಬಿಟ್ಟುಬಿಡು. ಅವನನ್ನು ನಿನ್ನ ಲೀಗ್‌ನ ಯಾರೋ ಖುಷಿಯಿಂದ ಎತ್ತಿಕೊಳ್ಳುತ್ತಾರೆ, ಎತ್ತಿಕೊಳ್ಳಲಿ. ಬೌಲರ್ ನಾಲ್ಕು ಓವರ್ ಹಾಕುತ್ತಿದ್ದವನು ಎರಡಕ್ಕೆ ಬಂದರೆ ಅದೂ ಅದೇ.

ಇಂಪ್ಯಾಕ್ಟ್ ನಿಯಮ ಬಂದ ಮೇಲೆ ಇನ್ನೊಂದು ತೊಡಕು ಇದೆ. ತಂಡ ಮೊದಲು ಬೌಲಿಂಗ್ ಮಾಡಿದರೆ ಒಬ್ಬ, ಬ್ಯಾಟಿಂಗ್ ಮಾಡಿದರೆ ಇನ್ನೊಬ್ಬ. ಟಾಸ್‌ನಲ್ಲಿ ಹನ್ನೊಂದರ ಜೊತೆ ಐವರು ಬದಲಿ ಹೆಸರು ಕೊಡುತ್ತಾರೆ. ಆ ಐವರಲ್ಲಿ ಪ್ರತಿ ಸಲ ಒಬ್ಬನೇ ಒಳಗೆ ಬರುತ್ತಿದ್ದರೆ ಅವನು ಹನ್ನೊಂದರವನೇ ಅಂತ ಲೆಕ್ಕ ಇಟ್ಟುಕೋ. ಹನ್ನೊಂದರಲ್ಲಿ ಹೆಸರಿಲ್ಲ ಅಂತ ನಿನ್ನ ಗೆಳೆಯರು ಅವನನ್ನು ಬಿಟ್ಟಿರುತ್ತಾರೆ. ಮ್ಯಾಚ್ ಮುಗಿದ ಮೇಲೆ ಸ್ಕೋರ್‌ಕಾರ್ಡ್‌ನಲ್ಲಿ ಯಾರ ಬದಲು ಯಾರು ಬಂದರು ಅಂತ ಒಂದು ಸಾಲು ಇರುತ್ತದೆ. ಟಾಸ್ ನೋಡಲು ಆಗದ ನಿನಗೆ ಆ ಸಾಲು ಸಾಕು.

ಮುಂದಿನ ವಾರ ಯಾವ ತಂಡಕ್ಕೆ ಎಷ್ಟು ಮ್ಯಾಚ್ ಇದೆ ಅಂತಲೂ ನೋಡಿಕೋ. ಲೀಗ್ ಹಂತದಲ್ಲಿ ಎಲ್ಲರಿಗೂ 14 ಮ್ಯಾಚ್, ಆದರೆ ಒಂದು ವಾರ ಒಂದು ತಂಡಕ್ಕೆ ಮೂರು, ಇನ್ನೊಂದಕ್ಕೆ ಒಂದೇ ಬರುತ್ತದೆ. ಇಬ್ಬರು ಸರಿಸಮ ಅನ್ನಿಸಿದರೆ ಮೂರು ಇರುವವನು.

14ರಲ್ಲಿ ಇಬ್ಬರನ್ನು ಮಾತ್ರ ಹೀಗೆ ಪರೀಕ್ಷೆಗೆ ಇಟ್ಟುಕೋ. ಉಳಿದ ಹನ್ನೆರಡು ಜನರನ್ನು ಪ್ರತಿ ವಾರ ಕೆದಕಬೇಡ. ಶನಿವಾರವೇ ಮೂರು ಹೆಸರು ಬರೆದಿಟ್ಟುಕೋ, ಒಂದು ಹೋದರೆ ಇನ್ನೊಂದು. ಆದರೆ ವಾಟ್ಸಾಪ್ ಗ್ರೂಪ್‌ಗೆ ಹಾಕಬೇಡ. ನಿಮ್ಮ ಲೀಗ್ ಲೆಕ್ಕ ಇಡುವವನಿಗೆ ಒಬ್ಬನಿಗೇ ಮೆಸೇಜ್ ಮಾಡು. ಗ್ರೂಪ್‌ನಲ್ಲಿ ಹೆಸರು ಬಿದ್ದರೆ ನಿನಗಿಂತ ಕೆಳಗಿರುವವನು ರಾತ್ರಿ ಎದ್ದು ಅದನ್ನೇ ಎತ್ತಿಕೊಳ್ಳುತ್ತಾನೆ.